ಬೀರುವಿನ ಹಿಂದಿನ ಗೋಡೆ

ಬೀದಿಯಲ್ಲಿ ನಡೆಯುವಾಗ ಗೋಡೆ ಮಾವನ ಎಡಗೈ ಯಾವುದಾದರೊಂದು ಗೋಡೆಯನ್ನು ಸವರುತ್ತಲೇ ಇರುತ್ತದೆ; ಆಗಾಗ ನಿಂತು, ಅಂಗೈ ಮೂಸಿ, "ಸುಣ್ಣ, ಎರಡು ವರ್ಷದ್ದು. ಅಲ್ಲಿಗೆ ವಿಷಯ ಮುಗೀತು" ಎನ್ನುತ್ತಾರೆ. ಅವರು ಹಾಗೆಂದರೆ ಮಾತು ಈಗಷ್ಟೇ ಶುರು, ಕೇಳುವವರು ಇನ್ನು ಅರ್ಧ ಗಂಟೆ ಅಲುಗಾಡುವಂತಿಲ್ಲ ಎಂಬುದು ನಮ್ಮ ಬೀದಿಗೆಲ್ಲ ಗೊತ್ತು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಂಜಿನ್ನು ಬಿಚ್ಚಿ ಜೋಡಿಸಿ ನಿವೃತ್ತರಾದ ಈ ಗೋಡೆ ಮಾವ, ಡಿಪೋದ ಖಾಕಿ ಕೋಟನ್ನು ಮಾತ್ರ ಬಿಡದೆ, ಅದರ ಜೇಬಿನಲ್ಲೊಂದು ಮೊಂಡು ಚಾಕು ಇಟ್ಟುಕೊಂಡು, ತಮ್ಮ ಹೆತ್ತವರು ಬಾಡಿಗೆಗಿದ್ದ ಮನೆಗಳನ್ನು ಹುಡುಕುವ ಉದ್ಯೋಗಕ್ಕೆ ಇಳಿದರು.

ಇದಕ್ಕೆಲ್ಲ ಕಾರಣ ಅವರ ಅಕ್ಕ. ಬಣ್ಣ ಬಳಿಯುವ ಕೂಲಿಯಾಗಿದ್ದ ಅಪ್ಪ ತೀರಿಕೊಂಡಾಗ ಮಾವನಿಗೆ ಮೂರು ವರ್ಷ, ಅಕ್ಕನಿಗೆ ಹನ್ನೆರಡು. ಫೋಟೊ ಇಲ್ಲ, ಕಾಗದಪತ್ರವಿಲ್ಲ. ಉಳಿದದ್ದು ಅಕ್ಕ ಹೇಳುವ ಅಪ್ಪ ಒಬ್ಬನೇ. ಆ ಮಹಾನುಭಾವ ಯಾರನ್ನೂ ಗದರಲಿಲ್ಲ, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡಲಿಲ್ಲ, ಬಹುಶಃ ಸೀನಲೂ ಇಲ್ಲ. "ಅಂಥ ದೇವರು ನಂಗೆ ಹೇಗೆ ಅಪ್ಪ ಆಗ್ತಾನೆ? ನನ್ನ ಥರದೋನು ಒಬ್ಬ ಬೇಕು" ಎಂದು ಮಾವ ಒಮ್ಮೆ ಹೇಳಿದ್ದರು.

ಅಪ್ಪ ಬಳಿದ ಬಣ್ಣ ಹುಡುಕುತ್ತ ಕಂಡವರ ಮನೆಗೆ ನುಗ್ಗಿ ಗೋಡೆ ಕೆರೆಯುವವನನ್ನು ಲೋಕ ಸುಮ್ಮನೆ ಬಿಟ್ಟೀತೆ? ಒಬ್ಬ ಆಸ್ತಿಯಲ್ಲಿ ಪಾಲು ಕೇಳಲು ಬಂದವನೆಂದು ಬಾಗಿಲು ಹಾಕಿಕೊಂಡ. ಇನ್ನೊಂದು ಮನೆಯ ಗೃಹಿಣಿ ಖಾಕಿ ಕೋಟು ನೋಡಿ, "ಅಂತೂ ಬಂದ್ರಲ್ಲ, ಬಚ್ಚಲ ನಲ್ಲಿ ಸೋರ್ತಾ ಇದೆ" ಎಂದು ಒಳಕ್ಕೆ ಎಳೆದೊಯ್ದಳು. ಮಾವ ನಲ್ಲಿ ಸರಿಮಾಡಿ, ಚಹಾ ಕುಡಿದು, ಗೋಡೆ ಕೆರೆಯುವುದನ್ನೇ ಮರೆತು ಬಂದರು.

ಕೊನೆಗೆ ನೂಲಿನ ಗಿರಣಿಯ ಹಿಂದಿನ ಕಾರ್ಮಿಕರ ಸಾಲುಮನೆ ಸಿಕ್ಕಿತು, ಒಂದೇ ಅಚ್ಚಿನ ಹನ್ನೆರಡು ಮನೆ. ಗಿರಣಿಯ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅಪ್ಪ ಮನೆಯ ಗೋಡೆಗೆ ಬಳಿದಿದ್ದನೆಂದು ಅಕ್ಕ ಹೇಳಿದ್ದಳು. ಮೊದಲ ಮನೆಯಲ್ಲಿ ಕೆರೆದರೆ, ಹಸಿರು! ಮಾವ ಕುಣಿದೇಬಿಟ್ಟರು. ಎರಡನೆಯ ಮನೆಯಲ್ಲೂ ಹಸಿರು. ಮೂರನೆಯದರಲ್ಲೂ. ಪುಣ್ಯಾತ್ಮ ಸಾಲಿಗೆಲ್ಲ ಬಳಿದಿದ್ದ.

ಜೋಲು ಮುಖ ಹೊತ್ತು ಕೂತವರನ್ನು ಕೊನೆಮನೆಯ ಮುದುಕಿ ವಿಚಾರಿಸಿದಳು. ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು. "ಅಯ್ಯೋ, ನೀನು ಆ ಬಣ್ಣದವನ ಮಗನೇನಪ್ಪ? ನಮ್ಮನೆಗಳನ್ನೆಲ್ಲ ಚೊಕ್ಕವಾಗಿ ಬಳಿದ. ತನ್ನ ಮನೇಲಿ ಮಾತ್ರ ಬೀರು ಸರಿಸೋಕೆ ಸೋಮಾರಿತನ. ಸುತ್ತ ಬಳಿದು ಕೈ ತೊಳ್ಕೊಂಡ. ನಿಮ್ಮಮ್ಮ ವರ್ಷವೆಲ್ಲ ಬೈದಳು! ಯಾವ ಮನೆ ಅನ್ನೋದು ಮಾತ್ರ ಈಗ ನೆನಪಿಲ್ಲ."

ಕೆರೆದಷ್ಟಕ್ಕೂ ತಾವೇ ಬಣ್ಣ ಹೊಡೆದುಕೊಡಬೇಕೆಂಬ ಕರಾರಿಗೆ ಒಪ್ಪಿ, ಮಾವ ಒಂದೊಂದೇ ಮನೆ ಹೊಕ್ಕರು. ಏಳನೆಯದರಲ್ಲಿ, ಆಳೆತ್ತರ, ಎರಡು ಮೊಳ ಅಗಲದ ಜಾಗದಲ್ಲಿ ಹಸಿರೇ ಇಲ್ಲ. ಅಂಚಿನುದ್ದಕ್ಕೂ ಬ್ರಷ್ಷು ಬಂದು ಹಿಂತಿರುಗಿದ ಗುರುತು. ಮಾವ ಅಲ್ಲಿಗೆ ಕೆನ್ನೆ ಒತ್ತಿ ನಕ್ಕರು, ಅತ್ತರು, ಮತ್ತೆ ನಕ್ಕರು. "ಸಿಕ್ಕಿಬಿದ್ದ ನೋಡಿ, ನಮ್ಮಪ್ಪ!"

ಇದನ್ನು ಮಾವ ಫೋನಿನಲ್ಲಿ ಅಕ್ಕನಿಗೆ ಹೇಳಿದರು. ಅಕ್ಕ ಮೆಲ್ಲಗೆ, "ಆ ಬೀರು ತುಂಬ ಭಾರ ಇತ್ತು ಕಣೋ" ಎಂದಳು.

ಮನೆಗೆ ಬಂದು ಹೆಂಡತಿಗೂ ವರದಿ ಒಪ್ಪಿಸಿದ್ದಾಯಿತು. ಆಕೆ ಬಟ್ಟೆ ಮಡಚುತ್ತಲೇ, "ಇದಕ್ಕೆ ಅಷ್ಟೆಲ್ಲ ಮನೆ ಅಲೀಬೇಕಿತ್ತಾ? ನಮ್ಮ ರೂಮಿನ ಬೀರು ಸರಿಸಿದ್ರೆ ಸಾಕಿತ್ತು. ಹೋದ ಸಲ ನೀವು ಬಣ್ಣ ಹೊಡೆದಿದ್ದು ಹೇಗೆ ಅಂತ ನಂಗೊತ್ತಿಲ್ವಾ?" ಎಂದರು. ವಿಷಯ ಮುಗೀತು ಎನ್ನದೆಯೇ ಮಾವ ವಿಷಯ ಮುಗಿಸಿದ್ದು ಅದೇ ಮೊದಲು.

ಕಾಗದವಿಲ್ಲದ ಮನೆತನಗಳಲ್ಲಿ ಹುಟ್ಟಿ ಬೇರು ಹುಡುಕುತ್ತ ಅಲೆಯುವ ಇಂಥವರಿಗೆ ವಂಶದ ಹಿರಿಮೆ ಅಷ್ಟೇನೂ ಬೇಕಿರುವುದಿಲ್ಲ. ತಮ್ಮದೊಂದು ಸಣ್ಣ ಸೋಮಾರಿತನ ಹಿರಿಯರ ಕೈಯಿಂದಲೇ ಬಂದದ್ದೆಂದು ತಿಳಿದರೆ ಸಾಕು, ತಾವು ಅನಾಥರಲ್ಲವೆಂದು ಅವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.