ಬಂಗುಡೆ ಬುಟ್ಟಿಯಲ್ಲಿದ್ದ ಡಬ್ಬಿ

ಸುಂದರಿಗೆ ಮಲದಲ್ಲಿ ರಕ್ತ ಹೋಗಲು ಶುರುವಾದದ್ದು ಮಳೆಗಾಲದಲ್ಲಿ. ಬೋಟುಗಳೆಲ್ಲ ಗಂಗೊಳ್ಳಿಯ ದಡ ಹಿಡಿದಿದ್ದವು. ಮನೆಯಲ್ಲಿ ದಿನವೂ ಒಣಮೀನಿನ ಸಾರು. ಒಣಮೀನು ಉಷ್ಣ, ಅದಕ್ಕೇ ಹೀಗೆ ಎಂದು ಅವಳೇ ತೀರ್ಮಾನಿಸಿದಳು. ಮುಟ್ಟಿದರೆ ಮುನಿಯ ಬೇರು ಅರೆದು ಮಜ್ಜಿಗೆಗೆ ಹಾಕಿ ಕುಡಿದಳು. ನಿಂತಿತು. ಮಳೆ ಇಳಿದು ಸೋಣೆ ತಿಂಗಳಲ್ಲಿ ಬೋಟುಗಳು ಕಡಲಿಗಿಳಿದು ಹಸಿಮೀನು ಬಂದ ಮೇಲೂ ಮತ್ತೆ ಕಾಣಿಸಿಕೊಂಡಿತು. ಮೂಲವ್ಯಾಧಿ ಇರಬೇಕು, ಇಡೀ ದಿನ ಬುಟ್ಟಿ ಹೊತ್ತು ತಿರುಗುವವಳಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾದಳು.

ಪಕ್ಕದ ಮನೆಯ ವನಜ ಆಶಾ ಕಾರ್ಯಕರ್ತೆ. ಸುಂದರಿ ಹಿತ್ತಲಲ್ಲಿ ಕಲೆಯಾದ ಬಟ್ಟೆ ಒಗೆಯುವುದನ್ನು ನೋಡಿಯೇ ಅವಳಿಗೆ ಸಂಶಯ ಬಂದಿತ್ತು. ಒಂದು ಸಂಜೆ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತಳು.

"ಈ ಭಾನುವಾರ ಕುಂದಾಪ್ರದ ಶಾಲಿಲಿ ಕ್ಯಾಂಪ್ ಇತ್ತ್ ಸುಂದರಕ್ಕ. ಕರುಳಿನ ಕ್ಯಾನ್ಸರ್ ಇತ್ತಾ ಇಲ್ಲೆಯಾ ಅಂದ್ ಕಾಂಬುದ್. ಈ ಡಬ್ಬಿಲಿ ಚೂರ್ ತಕಂಡ್ ಹೋಯ್ಕ್."

"ಎಂತದ್ ಚೂರ್?"

ವನಜ ಹೇಳಿದಳು. ಸುಂದರಿ ಡಬ್ಬಿಯನ್ನು ದೂರ ತಳ್ಳಿದಳು.

"ನಾ ಮೀನ್ ಹೊರುವಳ್. ಅದನ್ನೂ ಹೊರ್ಕಾ ಈಗ?"

"ನೆಲ್ಲಿಕಾಯಿಯಷ್ಟೂ ಬ್ಯಾಡ ಮಾರಾಯ್ತಿ."

"ನೆಲ್ಲಿಕಾಯಿ ಹೆಸ್ರ್ ಎಂತಕ್ಕೆ ಹಾಳ್ ಮಾಡ್ತೆ?"

ಒಳಗೆ ಉಣ್ಣುತ್ತಿದ್ದ ಗಂಡ ಭೋಜ ಅಲ್ಲಿಂದಲೇ ಕೂಗಿದ: "ಹ್ವಾಯ್, ದೊಡ್ಡಾಸ್ಪತ್ರೆಯವ್ರಿಗೆ ಕಡಿಗೆ ಅದೂ ಬೇಕಾಯ್ತಾ?" ಅವನು ಟ್ರಾಲ್ ಬೋಟಿನವನು, ಕಡಲಿಗೆ ಹೋದರೆ ವಾರಗಟ್ಟಲೆ ಬರುವವನಲ್ಲ. ಮರುದಿನ ಹೊರಡುವವನಿದ್ದುದರಿಂದ ಖುಷಿಯಲ್ಲಿದ್ದ.

ವನಜ ನಗಲಿಲ್ಲ. "ಕಣ್ಣಿಗೆ ಕಾಣದಷ್ಟ್ ರಕ್ತ ಇದ್ರೂ ಇದ್ರಲ್ ಗೊತ್ತಾತ್ತ್. ಮೂಲವ್ಯಾಧಿಯಾರೆ ಒಳ್ಳೇದೇ ಆಯ್ತಲೆ. ಬೇರೆಂತಾರೂ ಆದ್ರೆ ಈಗ್ಳೇ ಗೊತ್ತಾದ್ರೆ ಗುಣ ಆತ್ತ್. ಭಾನುವಾರ ಬೆಳಿಗ್ಗೆದೇ ಆಯ್ಕ್, ಕಾಣ್. ಬಿಸ್ಲಿಗ್ ಇಟ್ರೆ ಹಾಳಾತ್ತ್."

ಭಾನುವಾರ ಸುಂದರಿಗೆ ವಾರದಲ್ಲೇ ಒಳ್ಳೆಯ ವ್ಯಾಪಾರದ ದಿನ. ಬೆಳಕು ಹರಿಯುವ ಮೊದಲೇ ಹಿತ್ತಲಿಗೆ ಹೋಗಿ ಬಂದು, ವನಜ ಹೇಳಿದ ಹಾಗೆ ಮಾಡಿ, ಡಬ್ಬಿಯ ಮುಚ್ಚಳ ಬಿಗಿದು ಮೂರು ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದಳು. ಕೈ ಎರಡೆರಡು ಸಲ ತೊಳೆದಳು. ಬಂದರಿಗೆ ಹೋಗಿ ಹರಾಜಿನಲ್ಲಿ ಬಂಗುಡೆ ಹಿಡಿದಳು. ಬುಟ್ಟಿ ತುಂಬಿಸುವಾಗ ಯೋಚನೆ ಬಂತು. ಹೊಳೆ ದಾಟಿ ಕುಂದಾಪುರ ಮುಟ್ಟುವಾಗ ಬಿಸಿಲೇರುತ್ತದೆ. ಕ್ಯಾಂಪಿನಲ್ಲಿ ಎಷ್ಟು ಹೊತ್ತು ಕಾಯಬೇಕೋ. ಹಾಳಾಗುತ್ತದೆ ಎಂದಿದ್ದಾಳೆ ವನಜ. ಹಾಳಾಗುವ ವಸ್ತುವನ್ನು ಏನು ಮಾಡಬೇಕು ಎಂಬುದನ್ನು ಸುಂದರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಟ್ಟಿದಂದಿನಿಂದ ಕಂಡದ್ದು ಅದನ್ನೇ. ಬುಟ್ಟಿಯ ಒಂದು ಮೂಲೆಗೆ ಪುಡಿ ಐಸು ಹಾಕಿ, ನಡುವೆ ಗಂಟನ್ನಿಟ್ಟು, ಮೇಲೆ ಮತ್ತಷ್ಟು ಐಸು ಮುಚ್ಚಿದಳು. ಬಂಗುಡೆಗೆ ತಾಗದ ಹಾಗೆ ನಡುವೆ ಒಂದು ಬಾಳೆಲೆಯನ್ನೂ ಅಡ್ಡ ಇಟ್ಟಳು.

ದೋಣಿಯಲ್ಲಿ ಬುಟ್ಟಿ ಅಲುಗಿದಾಗ ಬಾಳೆಲೆ ಜಾರಿತೆಂದು ಕಾಣುತ್ತದೆ.

ಶಾಲೆಯ ಜಗಲಿಯಲ್ಲಿ ಮೇಜು ಹಾಕಿದ್ದರು. ಸಾಲು ಉದ್ದಕ್ಕಿತ್ತು. ಮೇಜಿನ ಪಕ್ಕ ಕುರ್ಚಿಯಲ್ಲಿ ಕಮಲಮ್ಮ ಕೂತಿದ್ದಳು. ಅವಳ ಗಂಡನಿಗೆ ಶಿವಮೊಗ್ಗದಲ್ಲಿ ಹೋಟೆಲು, ಬಾರ್ಕೂರಿನ ಕಡೆ ಗದ್ದೆ, ಕುಂದಾಪುರದಲ್ಲಿ ಮನೆ. ಕ್ಯಾಂಪಿನ ಊಟದ ಖರ್ಚು ಅವರದ್ದೇ. ಉಳಿದವರಿಗೆ ಧೈರ್ಯ ಬರಲೆಂದು ಅವಳೂ ಬೆಳಿಗ್ಗೆಯೇ ಡಬ್ಬಿ ಕೊಟ್ಟಿದ್ದಳು, ಕರವಸ್ತ್ರದಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ. ಅವಳು ಸುಂದರಿಯ ಹಳೆಯ ಗಿರಾಕಿ. ಸುಂದರಿಯನ್ನು ನೋಡಿ ನಕ್ಕಳು.

"ಡಬ್ಬಿ ತಂದಿದ್ದೀರಾ?" ನರ್ಸ್ ಕೇಳಿದಳು.

ಸುಂದರಿ ಬುಟ್ಟಿ ಇಳಿಸಿದಳು. ಮೇಲಿನ ಗೋಣಿ ಸರಿಸಿದಳು. ಬಂಗುಡೆಗಳನ್ನು ಆಚೆ ತಳ್ಳಿ, ಮೊಣಕೈವರೆಗೆ ಐಸಿನೊಳಗೆ ಕೈಹಾಕಿ, ಗಂಟನ್ನು ಎತ್ತಿ ನೀರು ಕೊಡವಿ ಮೇಜಿನ ಮೇಲಿಟ್ಟಳು. ನರ್ಸ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಅಯ್ಯೋ ಸುಂದರೀ!" ಕಮಲಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಆ ಮೀನ್ ಇನ್ ನಮ್ಮನಿಗೇ ತಕಂಡ್ ಬಪ್ಪುದಾ?"

"ಮೂರ್ ಪ್ಲಾಸ್ಟಿಕ್ ಸುತ್ತಿದ್ದೆ ಅಮ್ಮ. ಮೀನಿಗೆ ಎಂತದೂ ತಾಗ್ಲಿಲ್ಲ. ಹಾಳಾತ್ತ್ ಅಂದ್ ಐಸ್ ಹಾಕದ್ದ್."

"ಐಸಾ? ಅದಕ್ಕೂ ಐಸಾ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಿಂದಿನಿಂದ ಯಾರೋ, "ಕೇಜಿಗೆ ಎಷ್ಟಂಬ್ರ್?" ಎಂದರು. ಮೊದಲು ಸುಂದರಿಯೂ ನಕ್ಕಳು. ಅವಳಿಗೂ ತಮಾಷೆ ಅನ್ನಿಸಿತ್ತು.

ಆ ಮಧ್ಯಾಹ್ನ ಕಮಲಮ್ಮನ ಗೇಟಿನಲ್ಲಿ, "ಇವತ್ತ್ ಬ್ಯಾಡ ಅಂಬ್ರ್" ಎಂದು ಕೆಲಸದವಳು ಹೇಳಿದಳು. ಪಕ್ಕದ ಮನೆಯಲ್ಲಿ ಶನಿವಾರದ ಮೀನೇ ಉಳಿದಿತ್ತಂತೆ. ಅದರಾಚೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಯಾರೂ ಜಗಳವಾಡಲಿಲ್ಲ, ಬೈಯಲಿಲ್ಲ. ಬೇಡ ಎಂದರು, ಅಷ್ಟೆ. ಸಂಜೆ ಐಸು ಕರಗಿ, ಬಂಗುಡೆಯ ಕಣ್ಣು ಮಾಸಿತ್ತು. ಬುಟ್ಟಿಯನ್ನು ಹಾಗೆಯೇ ಹೊತ್ತು ದೋಣಿ ಹತ್ತಿದಳು. ಒಂದು ವಾರದೊಳಗೆ ಕಥೆ ಬೆಳೆಯಿತು. ಡಬ್ಬಿಯ ಮುಚ್ಚಳ ತೆರೆದಿತ್ತಂತೆ. ಡಬ್ಬಿಯೇ ಇರಲಿಲ್ಲವಂತೆ, ಬರೀ ಎಲೆಯಂತೆ. ಅವಳು ಇಪ್ಪತ್ತು ವರ್ಷ ತಿರುಗಿದ ಕೇರಿಗಳಲ್ಲಿ ಬೇರೆ ಹೆಂಗಸರು ಬುಟ್ಟಿ ಇಳಿಸತೊಡಗಿದರು.

ಫಲಿತಾಂಶ ತಂದವಳು ವನಜ.

"ರಕ್ತ ಇತ್ತಂಬ್ರ್ ಸುಂದರಕ್ಕ. ಮೂಲವ್ಯಾಧಿಯೂ ಆಯ್ಲಕ್ಕ್, ಬೇರೆಯೂ ಆಯ್ಲಕ್ಕ್. ದೊಡ್ಡಾಸ್ಪತ್ರೆಲಿ ಕ್ಯಾಮೆರಾ ಬಿಟ್ಟ್ ಕಾಣ್ಕಂಬ್ರ್. ದುಡ್ ಬ್ಯಾಡ, ಕ್ಯಾಂಪಿನ ಲೆಕ್ಕದಲ್ಲೇ. ನಾನೇ ಕರ್ಕಂಡ್ ಹೋತೆ."

ಸುಂದರಿ ಬುಟ್ಟಿಗೆ ಬೂದಿ ಹಾಕಿ ತಿಕ್ಕುತ್ತಿದ್ದಳು. ಆ ಬುಟ್ಟಿಯನ್ನು ಅವಳು ದಿನವೂ ತಿಕ್ಕುತ್ತಿದ್ದಳು.

"ಒಂದ್ ಡಬ್ಬಿ ತಕಂಡ್ ಹೋದ್ದಕ್ಕೆ ನನ್ ಗಿರಾಕಿ ಎಲ್ಲ ಹೋಯ್ತ್. ಇನ್ ಅಲ್ಲಿಗ್ ಹೋರೆ, ಸುಂದರಿಗೆ ಆ ರೋಗವೇ ಅಂದ್ ಊರೆಲ್ಲ ಹೇಳ್ತ್ರ್. ರೋಗದವಳ್ ಕೈಯ ಮೀನ್ ಯಾರ್ ತಕಂತ್ರ್?"

"ಜೀವ ಮುಖ್ಯ ಅಲ್ದಾ?"

"ಜೀವದ ಹೊಟ್ಟಿಗ್ ಎಂತಾರೂ ಹಾಕ್ಕಲೆ?"

"ನಂದೇ ತಪ್ಪ್. ಐಸ್ ಬ್ಯಾಡ ಅಂದ್ ಹೇಳ್ಕಿದ್ದಿತ್."

"ಹೇಳ್ಲಿಲ್ಲಲೆ" ಎಂದಳು ಸುಂದರಿ. ಬೂದಿಯ ಕೈಯಿಂದಲೇ ಮತ್ತೆ ತಿಕ್ಕತೊಡಗಿದಳು. "ಬೋಟ್ ನಿಂತ ಮೇಲೆ ಕಾಂಬ. ಮಳೆಗಾಲಕ್ಕೆ ಹೋಪ."

ಕಮಲಮ್ಮನ ಡಬ್ಬಿಯಲ್ಲೂ ರಕ್ತವಿತ್ತು. ಅವಳು ಅದೇ ವಾರ ಕಾರಿನಲ್ಲಿ ಹೋಗಿ ಬಂದಳು. ಕರುಳಿನಲ್ಲಿ ಸಣ್ಣ ಗಂಟು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತು. ಕ್ಯಾಮೆರಾ ಬಿಟ್ಟಾಗಲೇ ಅದನ್ನು ಕತ್ತರಿಸಿ ತೆಗೆದರು. ರಾತ್ರಿಯ ಊಟಕ್ಕೆ ಅವಳು ಮನೆಯಲ್ಲಿದ್ದಳು. ಇದು ಸುಂದರಿಗೆ ಗೊತ್ತಾಗಲಿಲ್ಲ. ಯಾರಾದರೂ ಹೇಳುವುದಕ್ಕೆ ಆ ಮನೆಯ ಗೇಟಿಗೆ ಅವಳು ಹೋಗುತ್ತಲೇ ಇರಲಿಲ್ಲ.

ಮೀನು ಮಾರಲು ಅವಳು ಈಗ ಕೆರಾಡಿಯ ಬಸ್ಸು ಹತ್ತುತ್ತಿದ್ದಳು. ಕಾಡಂಚಿನ ಆ ಊರಿಗೆ ಕುಂದಾಪುರದ ಮಾತು ಬೇಗ ಮುಟ್ಟುವುದಿಲ್ಲ, ಹಸಿಮೀನೂ ಅಷ್ಟೆ. ಅಲ್ಲಿಯವರು ಬುಟ್ಟಿ ಕಂಡರೆ ಓಡಿ ಬರುತ್ತಿದ್ದರು. ಆದರೆ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆ. ವನಜ ಬಂದಾಗಲೆಲ್ಲ ಬಾಗಿಲಿಗೆ ಚಿಲಕ. ಒಮ್ಮೆ ವನಜ ಬಸ್‌ಸ್ಟ್ಯಾಂಡಿಗೇ ಬಂದು ಕಾದಳು. ಸುಂದರಿ ಕಿಟಕಿಯಿಂದ, "ಮಳೆಗಾಲಕ್ಕೆ ಅಂದಿದ್ನಲೆ" ಎಂದಳು. ಬಸ್ಸು ಹೊರಟಿತು. ಚಳಿಗಾಲ ಮುಗಿಯುವಾಗ ಅವಳ ರವಿಕೆ ಸಡಿಲಾಗಿತ್ತು, ಗುಡ್ಡ ಹತ್ತುವಾಗ ಏದುಸಿರು. ಉಷ್ಣ ಎಂದು ಈಗ ಅವಳೂ ಹೇಳುತ್ತಿರಲಿಲ್ಲ. ಯಾರೂ ಕೇಳದಿರಲಿ ಎಂದು ಮಾತೇ ಕಡಿಮೆ ಮಾಡಿದ್ದಳು.

ಮಳೆಗಾಲ ಬಂತು. ಅಷ್ಟರಲ್ಲಿ ಅವಳ ಹೊಟ್ಟೆ ಉಬ್ಬಿ, ನೀರೂ ಇಳಿಯದಾಗಿ, ಭೋಜ ಅವಳನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಓಡಬೇಕಾಯಿತು. ಹೊಟ್ಟೆ ಕೊಯ್ದ ಡಾಕ್ಟರರು ಗಡ್ಡೆ ತೆಗೆಯದೆಯೇ ಹೊಲಿದರು. ಅದು ಯಕೃತ್ತಿಗೆ ಹೋಗಿಯಾಗಿತ್ತು. ಕರುಳಿನ ದಾರಿ ಕಟ್ಟಿದ್ದರಿಂದ ಹೊಟ್ಟೆಯ ಪಕ್ಕದಲ್ಲಿ ರಂಧ್ರ ಮಾಡಿ ಚೀಲ ಅಂಟಿಸಿದರು. ಇನ್ನು ಅವಳ ಮಲ ಆ ಚೀಲಕ್ಕೇ. ಅದನ್ನು ಬದಲಿಸುವುದನ್ನು ಭೋಜ ಕಲಿತ. ಬೋಟು ಕಡಲಿಗಿಳಿದರೂ ಅವನು ಹೋಗಲಿಲ್ಲ. ಆ ವಿಷಯದಲ್ಲಿ ತಮಾಷೆ ಮಾಡುವುದನ್ನೂ ಬಿಟ್ಟ.

ಮರುವರ್ಷದ ಕ್ಯಾಂಪು ಅದೇ ಶಾಲೆಯಲ್ಲಿ. ಆಸ್ಪತ್ರೆಯವರು ಹೊಸ ಚೀಲಗಳನ್ನು ಅಲ್ಲಿಯೇ ವನಜಳ ಕೈಗೆ ಕೊಡುವುದಿತ್ತು. ಸುಂದರಿ ತಾನೇ ಬರುತ್ತೇನೆಂದು ಹಟ ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಈ ಸಲ ವೇದಿಕೆಯಿತ್ತು, ಮೈಕಿತ್ತು. ಕಮಲಮ್ಮನಿಗೆ ಶಾಲು ಹೊದಿಸಿದರು. ಅವಳು ತನ್ನ ಗಂಟಿನ ಕಥೆ ಹೇಳಿದಳು. ಜನ ಸುಮ್ಮನೆ ಕೇಳಿದರು. ಡಬ್ಬಿ ಹಂಚುವವರ ಕಡೆ ಯಾರೂ ಕೈ ಚಾಚಲಿಲ್ಲ.

"ನಾಚಿಕೆ ಎಂತಕ್ಕೆ?" ಎಂದಳು ಕಮಲಮ್ಮ. "ಹೋದ ವರ್ಷ ಇಲ್ಲಿಗ್ ಒಬ್ಳ್ ಮೀನಿನ ಹೆಂಗ್ಸ್ ಬಂದಿತ್. ಅದ್ ಡಬ್ಬಿಯನ್ ಎಲ್ಲಿಟ್ಟಿತ್ ಗೊತ್ತಿತ್ತಾ? ಬಂಗುಡೆ ಒಟ್ಟಿಗ್, ಐಸಿನಲ್!"

ಸಭೆ ಬಿದ್ದು ಬಿದ್ದು ನಕ್ಕಿತು. ಮುದುಕರು ಕೆಮ್ಮುವಷ್ಟು ನಕ್ಕರು. ನಗು ತಗ್ಗುವ ಮೊದಲೇ ಕೈಗಳು ಚಾಚಿದವು. "ನಂಗೊಂದ್ ಕೊಡಿ", "ಇತ್ಲಾಗೊಂದ್." ಡಬ್ಬಿಗಳು ಸಾಲಿನಿಂದ ಸಾಲಿಗೆ ದಾಟಿದವು. ಸುಂದರಿ ಸೀರೆಯ ಕೆಳಗಿನ ಚೀಲವನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು.

ಕಮಲಮ್ಮ ವೇದಿಕೆ ಇಳಿದು ಬರುವಾಗ ಅವಳನ್ನು ಕಂಡಳು. ಕ್ಷಣ ಗುರುತು ಸಿಗಲಿಲ್ಲ.

"ಸುಂದರಿಯಾ? ಎಂತ ಹೀಂಗ್ ಸೊರಗಿದೆ? ಬೇಜಾರ್ ಮಾಡ್ಕಣ್ಬ್ಯಾಡ ಮಾರಾಯ್ತಿ. ನಿನ್ ಹೆಸ್ರ್ ಹೇಳ್ಲಿಲ್ಲ, ಕಾಣ್."

"ಹೇಳ್ಕಿದ್ದಿತ್ ಅಮ್ಮ" ಎಂದಳು ಸುಂದರಿ. "ಹೆಸ್ರ್ ಹೇಳಿದ್ರೆ, ಮತ್ತೆ ಸುಂದರಿಗೆ ಎಂತ ಆಯ್ತ್ ಅಂದ್ ಯಾರಾರೂ ಒಬ್ರ್ ಕೇಂತಿದ್ರ್."

ಕಮಲಮ್ಮ ವನಜಳ ಮುಖ ನೋಡಿದಳು. ವನಜ ನೆಲ ನೋಡುತ್ತಿದ್ದಳು. ಹೆಗಲಿನ ಶಾಲನ್ನು ಕಮಲಮ್ಮ ತೆಗೆದು ಮಡಚಿದಳು, ಮತ್ತೆ ಬಿಚ್ಚಿದಳು.

"ಇನ್ ನಮ್ಮನಿ ಬದಿಗೆ ಬಾ" ಎಂದಳು ಕೊನೆಗೆ. "ಈಗ ಯಾರೂ ಎಂತದೂ ಹೇಳುದಿಲ್ಲ. ಮೀನ್ ತಕಂಡ್ ಬಾ."

"ಬುಟ್ಟಿ ಹೊರುಕಾತಿಲ್ಲೆ ಅಮ್ಮ."

ವನಜ ಅವಳ ತೋಳು ಹಿಡಿದು ಎಬ್ಬಿಸಿದಳು. ಜಗಲಿಯಲ್ಲಿ ಡಬ್ಬಿ ಮುಗಿದಿತ್ತು, ಇನ್ನೂ ತರಿಸಿ ಎಂದು ಯಾರೋ ಕೂಗುತ್ತಿದ್ದರು. ಕಾಯುತ್ತಿದ್ದ ಸಾಲಿನಲ್ಲಿ ತಡವಾಗಿ ಬಂದವನೊಬ್ಬನಿಗೆ ಇನ್ನೊಬ್ಬ ಐಸಿನ ಕಥೆ ಹೇಳುತ್ತಿದ್ದ. ಸುಂದರಿ ಮೆಲ್ಲನೆ, ಹೊಟ್ಟೆ ಅಲುಗದ ಹಾಗೆ ನಡೆದಳು. ಗೇಟು ದಾಟುವವರೆಗೂ ಹಿಂದಿನಿಂದ ನಗು ಕೇಳುತ್ತಲೇ ಇತ್ತು.