ಬೆನ್ನಿನ ಗುಂಡಿಗಳು

ನ್ಯೂಯಾರ್ಕಿನಲ್ಲಿ ಸಿದ್ಧ ಉಡುಪು ಹೊಲಿಯುವ ನಮ್ಮ ಬೀದಿ, ಏಳನೇ ಅವೆನ್ಯೂದಲ್ಲಿ ಆಗ ಎಲ್ಲರೂ ಪ್ಯಾರಿಸ್ಸಿನ ಉಡುಪುಗಳನ್ನೇ ನಕಲು ಮಾಡುತ್ತಿದ್ದರು. ನಮ್ಮ ವಿನ್ಯಾಸಕಿ ಹ್ಯಾರಿಯೆಟ್ ಮಾತ್ರ ಒಪ್ಪುತ್ತಿರಲಿಲ್ಲ. ಹೊಸ ಉಡುಪು ಯಾವುದೇ ಇರಲಿ, ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ತೊಟ್ಟು ನೋಡುವಳು. ಒಂದು ಗುಂಡಿ ಕೈಗೆಟುಕದಿದ್ದರೂ ಆ ಉಡುಪು ಮತ್ತೆ ನನ್ನ ಹೊಲಿಗೆ ಯಂತ್ರಕ್ಕೇ ಬರುತ್ತಿತ್ತು. ಅವಳನ್ನು ಮನಸ್ಸಿನಲ್ಲೇ ಎಷ್ಟು ಸಲ ಬೈದಿದ್ದೇನೋ!

ಆ ಸೋಮವಾರ ಮಾಲೀಕ ಸೆಲಿಗ್ಮನ್ ಪ್ಯಾರಿಸ್ಸಿನ ಚಿತ್ರವೊಂದನ್ನು ಹಿಡಿದು ಬಂದ. ಬೆನ್ನುದ್ದಕ್ಕೂ ಇಪ್ಪತ್ತು ಗುಂಡಿ.

“ಬೆನ್ನಿಗೆ ಬೇಡ, ಪಕ್ಕದಲ್ಲಿ ಕೊಕ್ಕೆ ಇಡ್ತೀನಿ,” ಎಂದಳು ಹ್ಯಾರಿಯೆಟ್.

“ಗುಂಡಿ ಹಾಕೋಕೆ ಗಂಡ ಇರ್ತಾನಲ್ಲಮ್ಮ! ಮದ್ವೆ ಆಗ್ದೋರಿಗೆ ಇದೆಲ್ಲ ಗೊತ್ತಾಗಲ್ಲ ಬಿಡು.”

ಗಂಡನನ್ನು ಮಣ್ಣುಮಾಡಿ, ನಮ್ಮ ಯಹೂದಿ ಪದ್ಧತಿಯ ಏಳು ದಿನದ ಶೋಕ ಮುಗಿಸಿ, ನಾನು ಅದೇ ಕಪ್ಪು ಉಡುಪಿನಲ್ಲಿ ಕೆಲಸಕ್ಕೆ ಮರಳಿದ ದಿನವದು. ತಡೆಯಲಾಗದೆ ನಾನೇ ಬಾಯಿ ಹಾಕಿದೆ.

“ಇವತ್ತು ಬೆನ್ನಿನ ಗುಂಡಿ ಹಾಕೋರಿಲ್ದೆ, ಬೆನ್ನು ಕಾಣದ ಹಾಗೆ ಕೋಟು ಹೊದ್ಕೊಂಡು ಬಂದೆ, ಸಾಹೇಬ್ರೆ. ನನ್ನ ಗುಂಡಿ ಹಾಕಿದ್ದು ಇಲ್ಲಿ ಕೆಳಗಿರೋ ಲಿಫ್ಟಿನವನು. ಸಂಜೆ ಬಿಚ್ಚೋಕೆ ನೀವು ಬರ್ತೀರಾ?”

ಸೆಲಿಗ್ಮನ್ ಚಿತ್ರವನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಮಧ್ಯಾಹ್ನ ಊಟ ಬಿಟ್ಟು ಹ್ಯಾರಿಯೆಟ್ ನನ್ನ ಉಡುಪಿನ ಬೆನ್ನನ್ನು ಹೊಲಿದು ಮುಚ್ಚಿದಳು, ಪಕ್ಕಕ್ಕೆ ಕೊಕ್ಕೆಗಳನ್ನಿಟ್ಟಳು. ಆಮೇಲೆ ನನ್ನನ್ನು ಕೋಣೆಯೊಳಗೆ ಬಿಟ್ಟು, ಹೊರಗಿನಿಂದ ಬಾಗಿಲೆಳೆದುಕೊಂಡಳು.

“ನಿಧಾನವಾಗಿ ಹಾಕ್ಕೊ ಬ್ರೈನಾ. ನಾನು ಇಲ್ಲೇ ಇರ್ತೀನಿ, ಒಳಗೆ ಮಾತ್ರ ಬರಲ್ಲ.”