ಹಲಗೆಯ ಕೆಳಗೆ

ಮೊಳೆಯ ತಲೆ ಹಲಗೆಯೊಳಗೆ ಮುಳುಗಿತು, ಇನ್ನೊಂದು ಏಟು, ಮತ್ತೊಂದು, ಸಾಕು ಅಂದರೂ ಓಬಳೇಶನ ಕೈ ನಿಲ್ಲುತ್ತಿಲ್ಲ, ಸುತ್ತಿಗೆ ತಾನೇ ಏಳುತ್ತದೆ, ತಾನೇ ಬೀಳುತ್ತದೆ, ಬಿಸಿಲಿಗೆ ಹಳೆ ರೈಲು ಸ್ಲೀಪರಿನ ಡಾಂಬರು ಕರಗಿ ಮೂಗಿಗೆ ಅಡರುತ್ತಿದೆ — ಚಿಕ್ಕಜಾಜೂರಿನ ಹಳಿಗಳಡಿ ಎಷ್ಟು ರೈಲಿನ ಭಾರ ಹೊತ್ತ ಮರವೋ, ಹರಾಜಿನಲ್ಲಿ ತಂದು, ಹಲಗೆ ಕೊಯ್ಸಿ, ಹಿತ್ತಿಲಲ್ಲಿ ಗೆದ್ದಲು ತಿಂದು ಕುಸಿದಿದ್ದ ಮರದ ಜಗಲಿಯನ್ನು ಕಿತ್ತು ಹೊಸದು ಹಾಕುತ್ತಿದ್ದಾನೆ, ಸುತ್ತ ಹುಲ್ಲು, ಚಪ್ಪಡಿ ಕಲ್ಲಿನ ದಾರಿ, ದಾಸವಾಳ, ಸಂಜೆ ಕಾಲು ಚಾಚಿ ಕೂರಬಹುದು ನೋಡ್ರಿ ಅಂತ ಹೆಂಡತಿ ಆಶಾರಾಣಿ ಮೊಬೈಲಿನಲ್ಲಿ ಚಿತ್ರ ತೋರಿಸಿ ತವರಿಗೆ ಹೋಗಿದ್ದಳು — ಇನ್ನು ಇಲ್ಲಿ ಯಾರು ಕೂರುತ್ತಾರೆ, ರಕ್ತ ಮರದ ಸೀಳಿಗೆ ಇಳಿದು ಕಪ್ಪಾಗಿದೆ, ಎರಡು ಬಕೆಟ್ ನೀರು ಹುಯ್ದರೂ ಹೋಗಲಿಲ್ಲ, ಮೇಲೆ ಹೋಗದಿದ್ದರೆ ಬೇಡ, ಕೆಳಗಿರುವುದು ಕಾಣದಿದ್ದರೆ ಸಾಕು, ಇನ್ನೊಂದು ಹಲಗೆ, ಇನ್ನು ನಾಲ್ಕು ಮೊಳೆ.

ಅಣ್ಣ ಶಿವಕುಮಾರಪ್ಪ ಪಕ್ಕದ ಮನೆಯಿಂದ ಕೊಡಲಿ ಹಿಡಿದೇ ಬಂದಿದ್ದ, ಕೊರಳಲ್ಲಿ ಟೈಲರ್ ಟೇಪು ಇನ್ನೂ ನೇತಾಡುತ್ತಿತ್ತು, ಯಾರ್ನ ಕೇಳಿ ಕರಿಬೇವಿನ ಗಿಡ ಕಡಿದ್ಯಲೇ, ನಿಮ್ಮತ್ತಿಗೆ ಹನ್ನೆರಡು ವರ್ಷ ನೀರು ಹುಯ್ದು ಬೆಳೆಸಿದ್ದದು — ಗಿಡ ಅಡ್ಡ ಇತ್ತು, ಜಗಲಿ ಸೊಟ್ಟ ಬರುತ್ತಿತ್ತು, ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ, ನನ್ ಜಾಗ ನನ್ನಿಷ್ಟ, ನೀನ್ಯಾವನು ಕೇಳಾಕೆ ಅಂದುಬಿಟ್ಟ ಓಬಳೇಶ, ಅಂದ ಮೇಲೆ ಅಣ್ಣನ ಮುಖ ಬೂದಿಯಾಯಿತು, ಅವನ ಕೊಡಲಿಯ ಮೊದಲ ಏಟು ಹೊಸ ಹಲಗೆಯ ಮೇಲೆ, ಎರಡನೆಯದು ಕಂಬಕ್ಕೆ, ಚಕ್ಕೆ ಹಾರಿ ಬಡಗಿ ರೌಫನ ಕೆನ್ನೆಗೆ ತಾಗಿತು, ಬ್ಯಾಡ್ರಿ ಅಣ್ಣೋರೆ, ಕೊಡ್ರಿ ಇಲ್ಲಿ — ಅಣ್ಣ ಕೊಡಲಿ ಬಿಸಾಕಿ ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದು ಕೀಳತೊಡಗಿದ, ಅದೇ ಕೈ, ಅಪ್ಪ ಸತ್ತ ವರ್ಷ ತಮ್ಮ ಶಾಲೆ ಬಿಟ್ಟು ಸ್ಟೇಷನ್ನಿನಲ್ಲಿ ಅಲೆದದ್ದಕ್ಕೆ ಅಳತೆ ಕೋಲು ಮುರಿಯುವ ತನಕ ಹೊಡೆದು, ಆಮೇಲೆ ಬಾಸುಂಡೆಗೆ ಕೊಬ್ಬರಿ ಎಣ್ಣೆ ಸವರಿದ ಕೈ, ಮರಕ್ಕೆ ಅಂಟಿಕೊಂಡಿರುವ ನಾಲ್ಕು ಬೆರಳು, ಓಬಳೇಶ ಕೊಡಲಿ ಎತ್ತಿಕೊಂಡದ್ದು ನೆನಪಿದೆ, ಎತ್ತಿದ್ದು ನೆನಪಿದೆ — ಹಲಗೆಗೆ ಹೊಡೆದೆ ಸಾರ್, ಕೈ ಅಡ್ಡ ಬಂತು, ಪೊಲೀಸರಿಗೆ ಹಾಗೇ ಹೇಳಬೇಕು, ಹಾಗೇ ಹೇಳುತ್ತಾನೆ, ಆದರೆ ಕಣ್ಣು ಹಲಗೆಯ ಮೇಲಿರಲಿಲ್ಲ.

ಅಣ್ಣ ಕೈ ನೋಡಿಕೊಂಡ, ಮಿಷನ್ನಾಗೆ ಬಟ್ಟೆ ಹೊಲಿಯೋದೆಂಗಪ್ಪ ಇನ್ನ ಅಂದ, ಅಷ್ಟೇ, ರೌಫ್ ತನ್ನ ಲುಂಗಿ ಹರಿದು ಸುತ್ತಿ ಬೈಕಿನಲ್ಲಿ ಕೂರಿಸಿಕೊಂಡು ಹೊಳಲ್ಕೆರೆ ದಾರಿ ಹಿಡಿದ, ತುಂಡಾದ ತೋರುಬೆರಳು ಹಲಗೆಗಳ ಸಂದಿನಿಂದ ಕೆಳಗೆ ಮಣ್ಣಿಗೆ ಬಿದ್ದದ್ದನ್ನು ಕಂಡವನು ಓಬಳೇಶನೊಬ್ಬನೇ, ಉಗುರು ಮೇಲಾಗಿ, ಒಂದು ಸಲ ಅದುರಿತೋ ಇಲ್ಲವೋ, ಸಂದಿನ ಮೇಲೆ ಹಲಗೆ ಎಳೆದು ಹೊಡೆದ, ಹೊಡೆದ, ಈಗ ಜೇಬಿನಲ್ಲಿ ಫೋನು ನಡುಗುತ್ತಿದೆ, ರೌಫ್, ಓಬಳೇಶಣ್ಣ ಬೆರಳೆಲ್ಲೈತ್ರಿ, ಡಾಕ್ಟ್ರು ಕೇಳ್ತಾವ್ರೆ, ಬೇಗ ಸಿಕ್ರೆ ದಾವಣಗೆರೆನಾಗೆ ಹೊಲಿತಾರಂತೆ, ಒದ್ದೆ ಬಟ್ಟೆನಾಗೆ ಸುತ್ತಿ ಕವರಿಗಾಕಿ ಐಸ್ ಮೇಲಿಟ್ಟು ಕಳಿಸ್ರಿ, ನಿಮ್ಮತ್ತಿಗೆ ಬೋರಕ್ಕಂಗೂ ಹೇಳೀನಿ — ಹೊಲಿಯುತ್ತಾರಂತೆ, ಬೆರಳನ್ನೂ ಹೊಲಿಯುತ್ತಾರಂತೆ, ಹಾರೆ ಎಲ್ಲಿ, ಹಾರೆ, ತುದಿ ತೂರಿಸಿ ಮೀಟಿದರೆ ಮೊಳೆ ಕಿರುಚುತ್ತದೆ, ಹಲಗೆ ಏಳುವುದಿಲ್ಲ, ಇಷ್ಟು ಬಿಗಿ ಯಾಕೆ ಹೊಡೆದೆ, ಮುಂಗೈಗೆ ಮೊಳೆ ಗೀರಿತು, ಗೀರಲಿ, ಒಂದು ಹಲಗೆ ಕಿತ್ತು ಗೋಡೆಗೆ ಎಸೆದ, ಹೆಂಚು ಒಡೆಯಿತು, ಎರಡನೆಯದು ನಡುವೆ ಸೀಳಿ ಮುರಿಯಿತು, ನೆಟ್ಟ ದಾಸವಾಳವೆಲ್ಲ ಕಾಲಡಿಗೆ, ಅಷ್ಟರಲ್ಲಿ ಗೇಟು ಬಡಿದು ಅತ್ತಿಗೆ ಬೋರಕ್ಕ ಬಂದಳು, ಜ್ಯೂಸ್ ಅಂಗಡಿಯ ಐಸು ತುಂಬಿದ ಡಬ್ಬಿ ಎದೆಗೊತ್ತಿಕೊಂಡು, ಹೊರಗೆ ಆಟೋ ಗುರುಗುಡುತ್ತಿದೆ, ಅಳುತ್ತಿಲ್ಲ, ಎಲ್ಲೈತೆ ತೋರ್ಸು.

ಕೊನೆಯ ಹಲಗೆ ಎದ್ದಿತು. ಎತ್ತಲೇ, ಗಿಡ ಕಡಿಯಾಕೆ ಕೈ ಬಂತು, ಇದನ್ನೆತ್ತಾಕೆ ಬರಲ್ವ ಅಂದಳು ಅತ್ತಿಗೆ — ಓಬಳೇಶ ಮಂಡಿಯೂರಿದ, ಕೈ ಚಾಚಿದ, ಕೈ ಒಂದು ಗೇಣು ದೂರದಲ್ಲೇ ನಿಂತಿತು, ಬೋರಕ್ಕ ಅವನ ಭುಜ ಒದ್ದು ಪಕ್ಕಕ್ಕೆ ಉರುಳಿಸಿ ತಾನೇ ಬಾಗಿದಳು, ಬೆರಳಿಗೆ ಮುತ್ತಿದ್ದ ಇರುವೆಗಳನ್ನು ಒಂದೊಂದಾಗಿ ಊದಿದಳು, ಮಗುವಿನ ಕಣ್ಣಿಗೆ ಊದುವ ಹಾಗೆ, ಸೆರಗಿನ ಚೂರು ಹರಿದು ನೀರಲ್ಲಿ ಅದ್ದಿ ಸುತ್ತಿದಳು, ಹೋದಳು, ಆಟೋ ಹೋಯಿತು, ಓಬಳೇಶ ಬಿದ್ದಲ್ಲೇ ಇದ್ದಾನೆ, ಏಳಬೇಕು, ಅವಳ ಹಿಂದೆ ಹೋಗಬೇಕು, ಏಳಬೇಕು, ಹಸಿಮಣ್ಣಿನಲ್ಲಿ ಬೆರಳಷ್ಟುದ್ದದ ಗುಳಿ, ಇರುವೆಗಳು ಅಂಚಿನ ತನಕ ಬಂದು, ಒಳಗಿಳಿದು, ಹುಡುಕಿ, ಮತ್ತೆ ಅಂಚಿಗೆ ಬಂದು — ಬೆರಳಷ್ಟುದ್ದದ ಗುಳಿ.